ಅಂಗಾಲು ಉರಿ, ರಿಪೋರ್ಟ್ ಮಾತ್ರ ನಾರ್ಮಲ್: ಇದು ನರ ದೌರ್ಬಲ್ಯನಾ? ಮುಂದೆ ಲಕ್ವ ಹೊಡೆಯುತ್ತಾ?

ಓದುಗರ ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ದಾವಣಗೆರೆ ಹತ್ತಿರ ಕಿರಾಣಿ ಅಂಗಡಿ ಇದೆ. ಶುಗರ್ ಬಂದು 11 ವರ್ಷ ಆಯ್ತು, ಮೆಟ್‌ಫಾರ್ಮಿನ್ ಮಾತ್ರೆ ಬೆಳಗ್ಗೆ ರಾತ್ರಿ ತಗೊಳ್ತೀನಿ. ಮೂರು ತಿಂಗಳ ಸರಾಸರಿ 8.4 ಬಂದಿದೆ. ನಾವು ಸಸ್ಯಾಹಾರಿಗಳು. ಒಂದೂವರೆ ವರ್ಷದ ಹಿಂದೆ ಎರಡೂ ಕಾಲಿನ ಬೆರಳಲ್ಲಿ ಜೋಮು ಶುರುವಾಯ್ತು, ಈಗ ಪಾದ ಪೂರ್ತಿ ಬಂದಿದೆ. ರಾತ್ರಿ ಅಂಗಾಲು ಉರಿಯುತ್ತೆ, ಹೊದಿಕೆ ತಾಗಿದ್ರೂ ತಡೆಯೋಕಾಗಲ್ಲ. ಹತ್ತು ಕೆಂಪು ಇಂಜೆಕ್ಷನ್ ಆಯ್ತು, ಸ್ವಲ್ಪ ದಿನ ಹಾಯಾಗಿತ್ತು ಅಷ್ಟೇ. ನರದ ಕರೆಂಟ್ ಟೆಸ್ಟ್ ನಾರ್ಮಲ್ ಅಂತ ಬಂತು. ಬೆನ್ನಿನ ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಉಬ್ಬಿದೆ ಅಂತ ಬರೆದಿದ್ದಾರೆ. ಪರಿಚಯದವರೊಬ್ಬರು ಇದು ನರ ದೌರ್ಬಲ್ಯ, ಬಿಟ್ಟರೆ ಲಕ್ವ ಹೊಡೆಯುತ್ತೆ ಅಂತ ಹೇಳಿ ಮೂರು ತಿಂಗಳ ನಾಟಿ ಪುಡಿ ಕೊಡಿಸ್ತೀನಿ ಅಂತಿದ್ದಾರೆ. ಮನೆಯವಳು ಹೆದರಿದ್ದಾಳೆ. ಪ್ರತಿ ವರ್ಷ ಕೊಟ್ಟೂರಿಗೆ ಬರಿಗಾಲಲ್ಲಿ ಪಾದಯಾತ್ರೆ ಹೋಗ್ತೀನಿ, ಈ ಸಲ ಹೋಗಬಹುದಾ?

ಉತ್ತರ:

ಮೊದಲು ಮನೆಯವರ ಹೆದರಿಕೆಗೆ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದು ಹೆಚ್ಚಾಗಿ ಶುಗರ್‌ನಿಂದ ಪಾದದ ನರಗಳಿಗೆ ಆಗುವ ಹಾನಿ, ಅದು ಬೆಳೆದು ಲಕ್ವ ಆಗುವುದಿಲ್ಲ. ಎರಡೂ ಇರುವ ಜಾಗವೇ ಬೇರೆ. ಆದರೆ ಇದನ್ನು ಸುಮ್ನೆ ಬಿಡುವ ಹಾಗೂ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ಚಿಂತೆಯಾಗಿದ್ದು ಉರಿಯ ಸಾಲು ಓದಿದಾಗ ಅಲ್ಲ, ಕೊನೆಯಲ್ಲಿ ಬಂದ ಬರಿಗಾಲಿನ ಸಾಲು ಓದಿದಾಗ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನರ ದೌರ್ಬಲ್ಯ ಅಂತ ಒಂದು ಕಾಯಿಲೆ ನಮ್ಮ ಪುಸ್ತಕಗಳಲ್ಲಿ ಇಲ್ಲ. ಸುಸ್ತಾದರೂ ಅದೇ ಹೆಸರು, ಕೈ ನಡುಗಿದರೂ ಅದೇ, ಮೀನಖಂಡ ಹಿಡಿದುಕೊಂಡರೂ ಅದೇ, ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತಿನಲ್ಲಿ ಇನ್ನೇನಕ್ಕೋ ಅದೇ. ಕಾಲಲ್ಲಿ ನೀಲಿಯಾಗಿ ಗಂಟುಗಂಟಾಗಿ ಉಬ್ಬಿರುವುದನ್ನು ತೋರಿಸಿ 'ನರ ನೋಡಿ ಹೇಗಾಗಿದೆ' ಅನ್ನುವವರೂ ಬರುತ್ತಾರೆ. ಅದು ರಕ್ತನಾಳ, ನರಕ್ಕೂ ಅದಕ್ಕೂ ಸಂಬಂಧ ಇಲ್ಲ. ನರದ ಡಾಕ್ಟರ್ ಆದವರು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ತೊಂದರೆ ಎಲ್ಲಿದೆ? ಏನು ಕಾಯಿಲೆ ಅನ್ನುವುದು ಆಮೇಲೆ. ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ನರವ್ಯವಸ್ಥೆಯಲ್ಲಿ ದೊಡ್ಡದಾಗಿ ಎರಡು ಭಾಗ. ತಲೆಬುರುಡೆಯೊಳಗಿನ ಮಿದುಳು, ಬೆನ್ನುಮೂಳೆಯೊಳಗಿನ ಬೆನ್ನುಹುರಿ, ಇವೆರಡೂ ಸೇರಿ ಕೇಂದ್ರ ಭಾಗ. ಅಲ್ಲಿಂದ ಹೊರಟು ಮೈಯೆಲ್ಲ ಹರಡುವ ನರಗಳು ಇನ್ನೊಂದು ಭಾಗ. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ. ಮಿದುಳು ಸುಮಾರು 1.4 ಕೆಜಿ ಇರುತ್ತದೆ, ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬೆನ್ನುಹುರಿ ಇಡೀ ಬೆನ್ನಿನುದ್ದಕ್ಕೂ ಇದೆ ಅಂದುಕೊಂಡಿರುತ್ತೇವೆ, ಆದರೆ ದೊಡ್ಡವರಲ್ಲಿ ಅದು ಸುಮಾರು 45 ಸೆಂಟಿಮೀಟರ್ ಉದ್ದ ಅಷ್ಟೇ. ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ. ಅದರ ಕೆಳಗೆ ಇರುವುದು ಕಾಲಿಗೆ ಹೋಗುವ ನರಗಳ ಬೇರುಗಳ ಗೊಂಚಲು.

ಬೆನ್ನುಹುರಿ ಬರೀ ದಾರಿ ಅಲ್ಲ, ಅದಕ್ಕೂ ಸ್ವಂತ ಕೆಲಸ ಇದೆ. ಕಾದ ಬಾಣಲೆಗೆ ಬೆರಳು ತಾಗಿದರೆ ಕೈ ಹಿಂದೆ ಬಂದಿರುತ್ತದೆ, 'ಅಯ್ಯೋ' ಅನ್ನುವುದು ಆಮೇಲೆ. ಕೈ ಎಳೆದುಕೋ ಅನ್ನುವ ಆದೇಶ ಬೆನ್ನುಹುರಿಯಿಂದಲೇ ಹೋಗುತ್ತದೆ, ಮಿದುಳಿಗೆ ಸುದ್ದಿ ಮುಟ್ಟುವುದು ಒಂದು ಚೂರು ತಡವಾಗಿ.

ಲಕ್ವ ಅಂದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಆಗುವ ತೊಂದರೆ. ಅದು ನಿಮಿಷಗಳಲ್ಲಿ ಬರುತ್ತದೆ, ಒಂದೂವರೆ ವರ್ಷ ತಗೊಳ್ಳುವುದಿಲ್ಲ. ಸಾಮಾನ್ಯವಾಗಿ ಮೈಯ ಒಂದೇ ಪಕ್ಕ ಹಿಡಿಯುತ್ತದೆ. ಬಾಯಿ ಸೊಟ್ಟಗಾಗುವುದು, ಒಂದು ಕೈ ಕೆಳಗೆ ಬೀಳುವುದು, ಮಾತು ತೊದಲುವುದು. ಹಾಗೇನಾದರೂ ಕಂಡರೆ ಅದೂ ಇದೂ ನೋಡದೆ 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ರಕ್ತನಾಳ ಕಟ್ಟಿಕೊಂಡು ಬಂದ ಲಕ್ವ ಆದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ನಿಮ್ಮದು ಎರಡೂ ಕಾಲಲ್ಲಿ ಸಮವಾಗಿ, ಬೆರಳ ತುದಿಯಿಂದ ಶುರುವಾಗಿ, ನಿಧಾನವಾಗಿ ಮೇಲೆ ಬರುತ್ತಿದೆ. ಮಿದುಳಿನ ಕಾಯಿಲೆ ಹೀಗೆ ನಡೆದುಕೊಳ್ಳುವುದಿಲ್ಲ. ಒಂದು ಮಾತು ನಿಜ, ಶುಗರ್ ಮತ್ತು ಬಿಪಿ ಹಿಡಿತ ತಪ್ಪಿದರೆ ಲಕ್ವದ ಅಪಾಯವೂ ಜಾಸ್ತಿ. ಆದರೆ ಅದು ಬೇರೆ ದಾರಿಯಲ್ಲಿ ಬರುತ್ತದೆ, ಪಾದದಿಂದ ಹತ್ತಿಕೊಂಡು ಅಲ್ಲ.

ಹಾಗಾದರೆ ಡಿಸ್ಕ್, ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ? 50 ದಾಟಿದವರನ್ನು, ಬೆನ್ನುನೋವೇ ಇಲ್ಲದವರನ್ನು ಹಿಡಿದು ಎಂಆರ್‌ಐ ಮಾಡಿಸಿದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನದು) ನಿಜವಾಗಿ ನರದ ಬೇರನ್ನು ಒತ್ತಿದ್ದರೆ ನೋವು ಹೆಚ್ಚಾಗಿ ಒಂದೇ ಕಾಲಲ್ಲಿ, ಪಿರ್ರೆಯಿಂದ ಶುರುವಾಗಿ ತೊಡೆ, ಮೀನಖಂಡದ ಪಕ್ಕದಲ್ಲಿ ಗೆರೆ ಎಳೆದ ಹಾಗೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಜಗ್ಗುತ್ತದೆ. ನೀವು ಅಂಥದ್ದೇನೂ ಬರೆದಿಲ್ಲ. ಪಾದದ ಉರಿಗೆ ಅಂತ ಬೆನ್ನು ಆಪರೇಷನ್ ಮಾಡಿಸಿಕೊಂಡು, ಉರಿ ಹಾಗೇ ಉಳಿದು, ಆಮೇಲೆ ನಮ್ಮ ಹತ್ತಿರ ಬರುವವರಿದ್ದಾರೆ. ನೀವು ಆ ದಾರಿ ಹಿಡಿಯಬೇಡಿ.

ಉಳಿದದ್ದು ಹೊರಗಿನ ನರಗಳು. ನಿಮ್ಮ ತೊಂದರೆ ಅಲ್ಲೇ, ಅದೂ ಅತಿ ಉದ್ದದ ನರಗಳ ತುದಿಯಲ್ಲಿ.

ಹೆಬ್ಬೆರಳಿನ ಸ್ಪರ್ಶ ಹೊತ್ತು ತರುವ ನರಕೋಶದ ಮೈ ಎಲ್ಲಿದೆ ಗೊತ್ತಾ? ಸೊಂಟದ ಹತ್ತಿರ, ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಒಂದೇ ಒಂದು ಎಳೆ ಸುಮಾರು ಒಂದು ಮೀಟರ್ ಉದ್ದ ಹೋಗಿ ಬೆರಳು ಮುಟ್ಟುತ್ತದೆ. ಎಳೆಯ ತುದಿಗೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ತಯಾರಾಗುವುದು ಸೊಂಟದ ಹತ್ತಿರದ ಆ ಕೋಶದಲ್ಲೇ. ಅದು ಎಳೆಯೊಳಗೆ ಸಾಗಿ ಬರಬೇಕು. ಕೆಲವು ದಿನಕ್ಕೆ 20-40 ಸೆಂಟಿಮೀಟರ್ ಸಾಗುತ್ತವೆ, ಕೆಲವು ದಿನಕ್ಕೆ ಕೆಲವೇ ಮಿಲಿಮೀಟರ್. ನಿಮ್ಮ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ: ಭದ್ರಾ ನಾಲೆಯಲ್ಲಿ ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಕೊನೆ ಭಾಗದ ಗದ್ದೆ ಅಲ್ವಾ, ಇದೂ ಹಾಗೇ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದು, ನರಕೋಶದ ಒಳಗಿನ ವ್ಯವಸ್ಥೆ ಕೆಟ್ಟು, ನರಕ್ಕೆ ರಕ್ತ ಕೊಡುವ ಕೂದಲೆಳೆಯಂಥ ನಾಳಗಳು ಹಾಳಾದಾಗ ಮೊದಲು ಸೊರಗುವುದು ಕಾಲ್ಬೆರಳ ತುದಿ. ಜೋಮು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಶುರುವಾಗುತ್ತದೆ. ಸೊಂಟದಿಂದ ಮೊಣಕಾಲು ಎಷ್ಟು ದೂರವೋ ಕತ್ತಿನಿಂದ ಕೈಬೆರಳೂ ಹೆಚ್ಚುಕಡಿಮೆ ಅಷ್ಟೇ ದೂರ ನೋಡಿ. ಶುಗರ್ ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಜೀವನದಲ್ಲಿ ಯಾವಾಗಲಾದರೂ ಈ ತೊಂದರೆ ಬರುತ್ತದೆ.

ಟೆಸ್ಟ್ ನಾರ್ಮಲ್ ಬಂದಿದ್ದು ಹೇಗೆ ಅಂತ ಕೇಳುತ್ತೀರಿ. ಒಂದು ನರದೊಳಗೆ ದಪ್ಪ ಎಳೆಗಳೂ ಇರುತ್ತವೆ, ಸಣ್ಣ ಎಳೆಗಳೂ ಇರುತ್ತವೆ. ದಪ್ಪ ಎಳೆಗೆ ಕೊಬ್ಬಿನ ಕವಚ ಇರುತ್ತದೆ. ಸ್ಪರ್ಶ, ಕಾಲು ಎಲ್ಲಿದೆ ಅನ್ನುವ ಅರಿವು, ಸ್ನಾಯುವಿಗೆ ಹೋಗುವ ಆದೇಶ ಎಲ್ಲ ಅದರಲ್ಲಿ ಸಾಗುತ್ತದೆ, ಸೆಕೆಂಡಿಗೆ 40-50 ಮೀಟರ್ ವೇಗದಲ್ಲಿ. ಉರಿ, ಬಿಸಿ, ಮಂದ ನೋವು ಬರುವುದು ಕವಚವೇ ಇಲ್ಲದ ಸಣ್ಣ ಎಳೆಗಳಲ್ಲಿ. ಅವುಗಳ ವೇಗ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ಹೊಸ್ತಿಲಿಗೆ ಕಾಲ್ಬೆರಳು ಬಡಿದಾಗ ಗಮನಿಸಿ. ಮೊದಲು ಚುರ್ ಅನ್ನುತ್ತದೆ. ಇನ್ನೊಂದು ಈಗ ಬರುತ್ತದೆ ಅಂತ ನಾವು ಹಲ್ಲು ಕಚ್ಚಿ ಕಾಯುತ್ತಿರುತ್ತೇವೆ, ಆಗ ಆ ಉರಿನೋವು ಬಂದೇ ಬರುತ್ತದೆ. ಎರಡು ಬೇರೆ ಎಳೆಗಳಲ್ಲಿ ಬಂದ ಎರಡು ಸುದ್ದಿ ಅದು. ಕರೆಂಟ್ ಟೆಸ್ಟ್‌ನಲ್ಲಿ ಸಿಗುವುದು ದಪ್ಪ ಎಳೆಗಳು ಮಾತ್ರ. ಸಣ್ಣ ಎಳೆಗಳು ಸತ್ತಿದ್ದರೂ ರಿಪೋರ್ಟ್ ನಾರ್ಮಲ್ ಅಂತಲೇ ಬರುತ್ತದೆ. ಹಾಗಾಗಿ ನಿಮ್ಮ ಉರಿ ಸುಳ್ಳೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಸಣ್ಣ ಎಳೆಗಳನ್ನು ಚರ್ಮದ ಚಿಕ್ಕ ತುಣುಕು ತೆಗೆದು ನೋಡಬಹುದು, ಆದರೆ ನಿಮ್ಮಂಥ ಸ್ಪಷ್ಟ ಕಥೆ ಇದ್ದಾಗ ಅದಕ್ಕೆ ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಉರಿಯೂ ವಿಚಿತ್ರ ಅನಿಸಬಹುದು. ನರ ಸಾಯುತ್ತಿದ್ದರೆ ಸ್ಪರ್ಶ ಗೊತ್ತಾಗಬಾರದು ತಾನೇ, ಉರಿ ಯಾಕೆ? ಗಾಯಗೊಂಡ ಎಳೆಗಳು ಕಾರಣವಿಲ್ಲದೆ ತಾವಾಗಿಯೇ ಸುದ್ದಿ ಕಳಿಸಲು ಶುರು ಮಾಡುತ್ತವೆ. ಅದನ್ನು ಕೇಳಿ ಕೇಳಿ ಬೆನ್ನುಹುರಿಯೂ ಸೂಕ್ಷ್ಮವಾಗುತ್ತದೆ, ಹೊದಿಕೆ ತಾಗಿದರೂ ನೋವು ಅಂತ ಓದಿಕೊಳ್ಳುತ್ತದೆ. ಇಲ್ಲೇ ಒಂದು ಮೋಸ ಇದೆ. ಎಷ್ಟೋ ಜನರಿಗೆ ಕೆಲವು ವರ್ಷದ ಮೇಲೆ ಉರಿ ತಾನಾಗಿ ಕಡಿಮೆಯಾಗುತ್ತದೆ, ವಾಸಿಯಾಯ್ತು ಅಂತ ಖುಷಿಪಡುತ್ತಾರೆ. ಸುದ್ದಿ ಕಳಿಸುವ ಎಳೆಗಳೇ ಹೋಗಿರಬಹುದು. ಉರಿ ನಿದ್ದೆ ಕೆಡಿಸುತ್ತದೆ ನಿಜ, ಆದರೆ ಕಾಲು ಕಳೆಯುವುದು ಮರಗಟ್ಟುವಿಕೆ.

ಮರಗಟ್ಟಿದ ಪಾದ ಹೇಗಿರುತ್ತದೆ ಅಂದರೆ, ಹವಾಯಿ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದಿರುತ್ತದೆ, ಇವರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ, ಬೇರೆಯವರು ಕರೆದು ಹೇಳಬೇಕು. ಶೂ ಒಳಗೆ ಅಡಿಕೆ ಹೋಳು ಬಿದ್ದಿದ್ದರೂ ಗೊತ್ತಾಗದೆ ದಿನವಿಡೀ ನಡೆದವರನ್ನು ನೋಡಿದ್ದೇನೆ. ಸಂಜೆ ಸಾಕ್ಸ್ ಬಿಚ್ಚಿದಾಗ ರಕ್ತ. ಇವತ್ತು ರಾತ್ರಿ ಮನೆಯವರಿಂದ ಒಂದು ಪರೀಕ್ಷೆ ಮಾಡಿಸಿಕೊಳ್ಳಿ. ನೀವು ಕಣ್ಣು ಮುಚ್ಚಿ ಮಲಗಿ. ಅವರು ತೋರುಬೆರಳ ತುದಿಯಿಂದ ನಿಮ್ಮ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಎರಡೂ ಕಾಲಲ್ಲಿ, ಒಂದೊಂದನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ಉಜ್ಜಬಾರದು. ಮುಟ್ಟಿದಾಗ ನೀವು 'ಬಲ', 'ಎಡ' ಅಂತ ಹೇಳಬೇಕು. ಆರರಲ್ಲಿ ಎರಡೋ ಅದಕ್ಕಿಂತ ಜಾಸ್ತಿಯೋ ಗೊತ್ತಾಗದಿದ್ದರೆ ನಿಮ್ಮ ಪಾದದ ಸ್ಪರ್ಶ ಹೋಗುತ್ತಿದೆ ಅಂತ ಲೆಕ್ಕ.

ಈಗ ಪಾದಯಾತ್ರೆ. ಬರಿಗಾಲಲ್ಲಿ ಬೇಡ. ಪರೀಕ್ಷೆಯಲ್ಲಿ ಪಾಸಾದರೂ ಬೇಡ, ಯಾಕಂದರೆ ಬಿಸಿ ಗೊತ್ತಾಗುವುದು ಸಣ್ಣ ಎಳೆಗಳಿಂದ, ನಿಮ್ಮದು ಹಾಳಾಗುತ್ತಿರುವುದೇ ಅವು. ಮಧ್ಯಾಹ್ನದ ಡಾಂಬರು ಸುಟ್ಟರೂ ನಿಮಗೆ ತಿಳಿಯುವಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ. ಹೋಗಲೇಬೇಕು ಅನಿಸಿದರೆ ಹಿಂದೆ ಪಟ್ಟಿ ಇರುವ ಎಂಸಿಆರ್ (ಮೆತ್ತನೆಯ ರಬ್ಬರ್) ಚಪ್ಪಲಿಯನ್ನೋ ಬೆರಳಿಗೆ ಜಾಗ ಇರುವ ಶೂವನ್ನೋ ಒಂದು ತಿಂಗಳು ಮುಂಚೆಯೇ ತಗೊಂಡು ಮನೆಯಲ್ಲಿ ಹಾಕಿ ಪಳಗಿಸಿ, ಬಿಳಿ ಸಾಕ್ಸ್ ಹಾಕಿ, ತಂಗಿದ ಕಡೆಯೆಲ್ಲ ಅಂಗಾಲು ತಿರುಗಿಸಿ ನೋಡಿ, ಕೆಂಪಾಗಿದ್ದರೂ ಅಲ್ಲಿಗೇ ನಿಲ್ಲಿಸಿ ಉಳಿದ ದಾರಿಗೆ ಬಸ್ ಹತ್ತಿ. ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈಗಾಗಲೇ ಹುಣ್ಣೋ ಆಳದ ಬಿರುಕೋ ಇದ್ದರೆ ಚಪ್ಪಲಿ ಹಾಕಿಯೂ ಬೇಡ. ಮನೆಯಲ್ಲಿ ಬಿಸಿನೀರಿನ ಬ್ಯಾಗ್ ಕಾಲಿಗೆ ಇಡಬೇಡಿ, ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ.

ಹಿಮ್ಮಡಿ ಒಡೆಯುತ್ತಿದೆಯಾ? ಬೆವರು ತರಿಸುವ ನರಗಳೂ ಸಣ್ಣ ಎಳೆಗಳೇ. ಅವು ಹೋದರೆ ಪಾದ ಒಣಗಿ ಬಿರಿಯುತ್ತದೆ. ನಮ್ಮ ಮಾತು ಕೇಳದೆ ತಾವೇ ಕೆಲಸ ಮಾಡುವ ನರಗಳ ದೊಡ್ಡ ಗುಂಪೇ ಇದೆ. ಹೃದಯದ ಬಡಿತ, ಬಿಪಿ, ಜೀರ್ಣ, ಮೂತ್ರ, ಗಂಡಸರಲ್ಲಿ ನಿಮಿರುವಿಕೆ, ಎಲ್ಲ ಅವುಗಳ ಕೈಯಲ್ಲಿ. ಕರುಳಿನ ಗೋಡೆಯಲ್ಲೇ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ಇವಕ್ಕೂ ಶುಗರ್ ಏಟು ಕೊಡುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಸ್ವಲ್ಪ ಉಂಡರೂ ಹೊಟ್ಟೆ ಭಾರ, ಮೂತ್ರ ಪೂರ್ತಿ ಹೋಗದಿರುವುದು, ದಾಂಪತ್ಯದಲ್ಲಿ ತೊಂದರೆ. ಇವನ್ನು ಪತ್ರದಲ್ಲಿ ಬರೆಯಲು ಯಾರಿಗಾದರೂ ಸಂಕೋಚ. ಡಾಕ್ಟರ್ ಮುಂದೆ ಹೇಳಿಬಿಡಿ, ಗೋಡೆ ಜಾಹೀರಾತಿನ ಮೊರೆ ಹೋಗಬೇಡಿ. ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗುವುದಕ್ಕೂ ಇಂಥ ನರಗಳ ಹಾನಿ ಒಂದು ಕಾರಣ.

ಇನ್ನು ಕೆಂಪು ಇಂಜೆಕ್ಷನ್. ಅದು ವಿಟಮಿನ್ ಬಿ12, ಬಣ್ಣವೇ ಕೆಂಪು, ಅದರಲ್ಲಿ ರಕ್ತವೂ ಇಲ್ಲ, ಶಕ್ತಿಯೂ ಇಲ್ಲ. ಆದರೆ ನಿಮ್ಮ ವಿಷಯದಲ್ಲಿ ಅದನ್ನು ಸುಮ್ನೆ ತಳ್ಳಿಹಾಕಲಾರೆ. ಬಿ12 ಗಿಡಮೂಲದ ಆಹಾರದಲ್ಲಿ ಇಲ್ಲ, ಸಸ್ಯಾಹಾರಿಗಳಿಗೆ ಹಾಲು ಮೊಸರೇ ದಾರಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ನಿಮಗೆ ಎರಡೂ ಇವೆ. ಬಿ12 ಕೊರತೆ ನರದ ಜೊತೆಗೆ ಬೆನ್ನುಹುರಿಯನ್ನೂ ಕೆಡಿಸುತ್ತದೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಮುಂದಕ್ಕೆ ಬಿದ್ದ ಹಾಗಾಗುತ್ತದಾ, ಕತ್ತಲಲ್ಲಿ ನಡೆಯಲು ಗೋಡೆ ಹಿಡಿಯಬೇಕಾಗುತ್ತದಾ ನೋಡಿಕೊಳ್ಳಿ. ಹೌದು ಅಂತಾದರೆ ಬೇಗ ತೋರಿಸಿ. ತೊಂದರೆ ಏನಪ್ಪಾ ಅಂದರೆ, ಹತ್ತು ಇಂಜೆಕ್ಷನ್ ಆದಮೇಲೆ ರಕ್ತದಲ್ಲಿ ಬಿ12 ನೋಡಿದರೆ ಜಾಸ್ತಿಯೇ ತೋರಿಸುತ್ತದೆ, ಮೊದಲು ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಇಂಜೆಕ್ಷನ್‌ಗೆ ಮುಂಚೆಯ ರಿಪೋರ್ಟ್ ಇದೆಯಾ ಹುಡುಕಿ. ಇಲ್ಲದಿದ್ದರೆ ಕೊರತೆ ಇತ್ತು ಅಂತಲೇ ಇಟ್ಟುಕೊಂಡು ಬಿ12 ಮುಂದುವರಿಸುವುದು ಒಳ್ಳೆಯದು, ಅದರಿಂದ ನಷ್ಟವಿಲ್ಲ. ಮೆಟ್‌ಫಾರ್ಮಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ನಷ್ಟ ಇರುವುದು ಬಿ6ನಲ್ಲಿ. 'ನರದ ಮಾತ್ರೆ' ಅಂತ ಮೆಡಿಕಲ್ ಶಾಪಿನಲ್ಲಿ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಬಿ1, ಬಿ6, ಬಿ12 ಒಟ್ಟಿಗೆ ಇರುತ್ತವೆ. ಬಿ6, ಅಂದರೆ ಪಿರಿಡಾಕ್ಸಿನ್, ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೋದರೆ ಅದೇ ನರ ಕೆಡಿಸುತ್ತದೆ. ನರಕ್ಕೆ ಅಂತ ತಿಂದಿದ್ದೇ ನರಕ್ಕೆ ವಿಷ. ಸ್ಟ್ರಿಪ್ ಹಿಂದೆ ಎಷ್ಟು ಮಿಲಿಗ್ರಾಂ ಇದೆ ಓದಿ, ಡಾಕ್ಟರಿಗೆ ತೋರಿಸಿ.

ನಾಟಿ ಪುಡಿ ಬೇಡ ಅಂತ ನೇರವಾಗಿಯೇ ಹೇಳುತ್ತೇನೆ. ನಾಟಿ ವೈದ್ಯದ ಮೇಲೆ ನನಗೆ ದ್ವೇಷ ಇಲ್ಲ, ಹೆಸರು ಲೇಬಲ್ ಇಲ್ಲದ ಪೊಟ್ಟಣದ ಮೇಲೆ ಇದೆ. ಇಂಥ ಪುಡಿಗಳಲ್ಲಿ ಸೀಸ, ಆರ್ಸೆನಿಕ್ ಸಿಕ್ಕಿದ್ದುಂಟು. ಎರಡೂ ನರ ಕೆಡಿಸುವ ವಿಷಗಳೇ. ಕೆಲವದರಲ್ಲಿ ಸ್ಟೀರಾಯ್ಡ್ ಸೇರಿಸಿರುತ್ತಾರೆ. ಹದಿನೈದು ದಿನ ಹಾಯಾಗಿರುತ್ತದೆ, ಅಷ್ಟರಲ್ಲಿ ಶುಗರ್ 400 ಮುಟ್ಟಿರುತ್ತದೆ.

ಹಾಗಾದರೆ ಏನು ಮಾಡಬಹುದು? ಬುಡದಲ್ಲಿ ಸರಿ ಮಾಡಬೇಕಾದದ್ದು ಶುಗರ್. ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.4 ಇರುವುದನ್ನು 7ರ ಹತ್ತಿರ ತನ್ನಿ, ಆದರೆ ನಿಧಾನವಾಗಿ. ಮೂರು ತಿಂಗಳಲ್ಲಿ 2 ಪಾಯಿಂಟ್‌ಗಿಂತ ಜಾಸ್ತಿ ಧಡಾರನೆ ಇಳಿಸಿದರೆ ಅದರಿಂದಲೇ ಉರಿ ವಿಪರೀತ ಆಗುವವರಿದ್ದಾರೆ. ಊಟ ಬಿಟ್ಟು ಪವಾಡ ಮಾಡಲು ಹೋಗಬೇಡಿ. ಸತ್ತ ಎಳೆಗಳು ಪೂರ್ತಿ ಮರಳುತ್ತವೆ ಅಂತ ನಾನು ಮಾತು ಕೊಡಲಾರೆ. ಪೆಟ್ಟು ಬಿದ್ದ ನರ ಬೆಳೆದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಅದೂ ಪರಿಸ್ಥಿತಿ ಚೆನ್ನಾಗಿದ್ದರೆ. ಉಳಿದಿರುವುದನ್ನು ಉಳಿಸಿಕೊಳ್ಳುವುದೇ ಇಲ್ಲಿ ಗುರಿ. ಬಿ12 ಕೊರತೆಯ ಪಾಲು ಇದ್ದರೆ ಆ ಭಾಗ ಚೇತರಿಸಿಕೊಳ್ಳುವ ಅವಕಾಶ ಜಾಸ್ತಿ, ಬೇಗ ಹಿಡಿದರೆ ಮಾತ್ರ.

ಉರಿಗೆ ಮಾತ್ರೆಗಳಿವೆ. ಪ್ರಿಗಾಬಾಲಿನ್, ಗಾಬಾಪೆಂಟಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್. ಇವು ನರ ರಿಪೇರಿ ಮಾಡುವುದಿಲ್ಲ, ಸುಳ್ಳು ಸುದ್ದಿಯ ಸದ್ದು ಕಡಿಮೆ ಮಾಡುತ್ತವೆ. ನೋವು ಅರ್ಧಕ್ಕೆ ಇಳಿದು ನಿದ್ದೆ ಬಂದರೆ ಅದನ್ನೇ ಒಳ್ಳೆ ಫಲಿತಾಂಶ ಅಂತ ನಾವು ಲೆಕ್ಕ ಹಾಕುತ್ತೇವೆ. ಮೊದಲೆರಡರಲ್ಲಿ ತೂಕಡಿಕೆ, ಕಾಲು ಊತ, ತೂಕ ಏರುವುದು ಇದೆ. ಕಿಡ್ನಿ ಸರಿಯಿಲ್ಲದಿದ್ದರೆ ಡೋಸ್ ಕಡಿಮೆ ಮಾಡಬೇಕು. ಡುಲಾಕ್ಸೆಟಿನ್‌ಗೆ ಹೊಟ್ಟೆ ತೊಳಸಬಹುದು, ಲಿವರ್ ತೊಂದರೆ ಇರುವವರಿಗೆ ಕೊಡುವುದಿಲ್ಲ. ಅಮಿಟ್ರಿಪ್ಟಿಲಿನ್ ಅಗ್ಗ, ನಿದ್ದೆಯೂ ಬರುತ್ತದೆ, ಆದರೆ ಪ್ರಾಸ್ಟೇಟ್, ಹೃದಯ, ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ತೊಂದರೆ ಇರುವವರಿಗೆ ಒಗ್ಗುವುದಿಲ್ಲ. ಕಡಿಮೆ ಡೋಸ್‌ನಲ್ಲಿ ಶುರು ಮಾಡಿ, ಕೆಲವು ವಾರ ಕೊಟ್ಟು ನೋಡಬೇಕು. ಎರಡು ದಿನಕ್ಕೆ ಬಗ್ಗಲಿಲ್ಲ ಅಂತ ಬಿಡಬೇಡಿ, ಹಾಯಾಯ್ತು ಅಂತ ಒಂದೇ ಸಲ ನಿಲ್ಲಿಸಲೂ ಬೇಡಿ.

ಎಲ್ಲವನ್ನೂ ಶುಗರ್ ತಲೆಗೆ ಕಟ್ಟುವ ಮುಂಚೆ ಬೇರೆ ಕಾರಣ ಇಲ್ಲ ಅಂತ ನೋಡಿಕೊಳ್ಳಬೇಕು. ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸಿ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ, ಟಿಬಿ ಮಾತ್ರೆ ತಗೊಂಡಿದ್ದರೆ ಹೇಳಿ. ಮೈಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ನಾಚಿಕೆಪಡುವಂಥದ್ದೇನಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ವಾಸಿಯಾಗುತ್ತದೆ. ಕಾಲಿನ ಬಲ ದಿನಗಳಲ್ಲೇ ಇಳಿದು ಮೇಲೇರುತ್ತಾ ಬಂದರೆ, ಮೂತ್ರ ನಿಂತುಹೋದರೆ ಅಥವಾ ತಿಳಿಯದೇ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ಇವನ್ನು ಶುಗರ್ ನರದ ತೊಂದರೆ ಅಂದುಕೊಂಡು ಸುಮ್ನೆ ಬಿಡುವ ಹಾಗಿಲ್ಲ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಹಳೆ ರಿಪೋರ್ಟು, ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್ಪು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಶೂ ಸಾಕ್ಸ್ ಬಿಚ್ಚಿಸಿ ಪಾದ ನೋಡಿ ಅಂತ ನೀವೇ ಕೇಳಿ. ಕಂಪಿಸುವ ಕವಲುಕೋಲು (ಟ್ಯೂನಿಂಗ್ ಫೋರ್ಕ್), ಸಣ್ಣ ನೈಲಾನ್ ಎಳೆ ಇಟ್ಟು ಪಾದ ಪರೀಕ್ಷೆ ಮಾಡಲು ಐದು ನಿಮಿಷ ಸಾಕು. ವರ್ಷಕ್ಕೊಮ್ಮೆಯಾದರೂ ಅದು ಆಗಬೇಕು.